ಎರಡು ದೋಷ, ಒಂದೇ ದಿಕ್ಕು: ಪರ್ಮ್ಯಾಂಗನೇಟ್ ಅನುಮಾಪನದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕಬ್ಬಿಣದ ಅದಿರಿನ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿರುವ ಒಟ್ಟು ಕಬ್ಬಿಣದ ಶೇಕಡಾವಾರು ಪ್ರಮಾಣವನ್ನು ವರದಿ ಮಾಡುವ ಒಂದು ಮಧ್ಯಮ ಗಾತ್ರದ ಪ್ರಯೋಗಾಲಯದಲ್ಲಿ ಈ ಪ್ರಕರಣ ನಡೆಯಿತು. ಪ್ರಯೋಗಾಲಯದ, ಅಲ್ಲಿನ ಸಿಬ್ಬಂದಿಯ ಹಾಗೂ ಗ್ರಾಹಕರ ಗುರುತು ಸಿಗದಂತೆ ವಿವರಗಳನ್ನು ಮರೆಮಾಡಿದೆ. ಅಂಕಿಗಳನ್ನು ಕೂಡ, ಅವುಗಳ ನಡುವಣ ಸಂಬಂಧ ಕೆಡದ ಹಾಗೆ, ಸರಿಹೊಂದಿಸಿ ಕೊಟ್ಟಿದೆ.

ಪ್ರಯೋಗಾಲಯ ಅನುಸರಿಸುತ್ತಿದ್ದುದು ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನ. ಒಣಗಿಸಿ ನುಣ್ಣಗೆ ಪುಡಿಮಾಡಿದ ಸುಮಾರು 0.2 ಗ್ರಾಂ ಅದಿರನ್ನು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ ಕರಗಿಸುತ್ತಿದ್ದರು. ಬಿಸಿ ದ್ರಾವಣಕ್ಕೆ ಸ್ಟ್ಯಾನಸ್ ಕ್ಲೋರೈಡನ್ನು ಹನಿಹನಿಯಾಗಿ ಹಾಕಿ, ಹಳದಿ ಬಣ್ಣ ಹೋಗುವವರೆಗೆ ಫೆರಿಕ್ (+3) ಕಬ್ಬಿಣವನ್ನು ಫೆರಸ್ (+2) ಸ್ಥಿತಿಗೆ ಇಳಿಸುತ್ತಿದ್ದರು. ಹೆಚ್ಚಾಗಿ ಬಿದ್ದ ಒಂದೆರಡು ಹನಿ ಸ್ಟ್ಯಾನಸ್ ಕ್ಲೋರೈಡನ್ನು, ದ್ರಾವಣ ಪೂರ್ತಿ ತಣಿದ ಮೇಲೆ, ಮರ್ಕ್ಯುರಿಕ್ ಕ್ಲೋರೈಡನ್ನು ಒಮ್ಮೆಲೇ ಸುರಿದು ಇಲ್ಲವಾಗಿಸುತ್ತಿದ್ದರು. ಆಗ ರೇಷ್ಮೆಯ ಹೊಳಪಿನ ತೆಳುವಾದ ಬಿಳಿ ಪ್ರಕ್ಷೇಪ ಬರಬೇಕು; ಬೂದು ಬಣ್ಣ ಕಂಡರೆ ಲೋಹರೂಪದ ಪಾದರಸ ಉಂಟಾಗಿದೆ ಎಂದರ್ಥ, ಆ ಮಾದರಿಯನ್ನು ಚೆಲ್ಲಿ ಮೊದಲಿನಿಂದ ಆರಂಭಿಸಬೇಕು. ಕೊನೆಯ ಹಂತದಲ್ಲಿ ಫೆರಸ್ ಕಬ್ಬಿಣವನ್ನು 0.02 ಮೋಲಾರ್ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣದಿಂದ ಅನುಮಾಪನ ಮಾಡಿ (ಅಂದರೆ ಸಾಂದ್ರತೆ ಗೊತ್ತಿರುವ ಆ ದ್ರಾವಣವನ್ನು ಬ್ಯುರೆಟ್ ಎಂಬ ಅಳತೆಗೆರೆಗಳುಳ್ಳ ಕೊಳವೆಯಿಂದ ಕ್ರಿಯೆ ಮುಗಿಯುವವರೆಗೆ ಸೇರಿಸಿ), ಮೊದಲ ತಿಳಿಗುಲಾಬಿ ಬಣ್ಣ ನಿಲ್ಲುವಲ್ಲಿ ಬ್ಯುರೆಟ್ಟಿನ ಅಳತೆಯನ್ನು ಓದಿಕೊಳ್ಳುತ್ತಿದ್ದರು.

ಕಬ್ಬಿಣವನ್ನು ಪರ್ಮ್ಯಾಂಗನೇಟಿನಿಂದ ಅಳೆಯುವ ಈ ದಾರಿಯನ್ನು 1846ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಮಾರ್ಗೆರಿತ್ ತೋರಿಸಿಕೊಟ್ಟ. ಇದರ ಆಕರ್ಷಣೆ ಸರಳವಾದುದು: ಆಮ್ಲದಲ್ಲಿ +7 ಉತ್ಕರ್ಷಣ ಸ್ಥಿತಿಯ ಗಾಢ ನೇರಳೆ ಮ್ಯಾಂಗನೀಸ್ ಐದು ಎಲೆಕ್ಟ್ರಾನುಗಳನ್ನು ಪಡೆದು +2 ಸ್ಥಿತಿಗೆ, ಅಂದರೆ ಬಹುಮಟ್ಟಿಗೆ ಬಣ್ಣವೇ ಇಲ್ಲದ ಅಯಾನಿಗೆ ಇಳಿಯುತ್ತದೆ. ಹೀಗಾಗಿ ಬೇರೆ ಸೂಚಕ ಬೇಕಿಲ್ಲ. ಒಂದು ಪರ್ಮ್ಯಾಂಗನೇಟ್ ಅಯಾನು ಐದು ಫೆರಸ್ ಅಯಾನುಗಳಿಗೆ ಸಮ. ಈ ಸಾಂದ್ರತೆಯ ದ್ರಾವಣದ 1 ಮಿಲಿಲೀಟರ್ 5.585 ಮಿಲಿಗ್ರಾಂ ಕಬ್ಬಿಣಕ್ಕೆ ಸಮ. 0.2 ಗ್ರಾಂ ಮಾದರಿಯಲ್ಲಿ ಬ್ಯುರೆಟ್ಟಿನ 0.1 ಮಿಲಿಲೀಟರ್ ವ್ಯತ್ಯಾಸವೆಂದರೆ ಫಲಿತಾಂಶದಲ್ಲಿ ಸುಮಾರು 0.28 ಶೇಕಡಾ ಕಬ್ಬಿಣ. ಮುಂದಿನ ಕಥೆಯೆಲ್ಲ ಈ ಎರಡು ಮೂರು ಹನಿಗಳ ಕಥೆಯೇ.

ಸಮಸ್ಯೆ

ಒಬ್ಬ ಗ್ರಾಹಕರು ಒಂದೇ ಮಾದರಿಯ ಭಾಗಗಳನ್ನು ಎರಡು ಕಡೆಗೆ ಕಳಿಸಿದ್ದರು. ಈ ಪ್ರಯೋಗಾಲಯದ ಫಲಿತಾಂಶ ಇನ್ನೊಂದರದಕ್ಕಿಂತ ಸ್ಪಷ್ಟವಾಗಿ ಮೇಲಿತ್ತು. ಅದಿರಿನ ಬೆಲೆ ಕಬ್ಬಿಣದ ಅಂಶದ ಮೇಲೆ ನಿಂತಿರುವುದರಿಂದ ತಕರಾರು ಬರುವುದು ಸಹಜ. ಗುಣಮಟ್ಟದ ಹೊಣೆ ಹೊತ್ತವರು ಕಬ್ಬಿಣದ ಅಂಶ 60.1 ಶೇಕಡಾ ಎಂದು ದೃಢಪಟ್ಟಿದ್ದ ಪ್ರಮಾಣಿತ ಅದಿರೊಂದನ್ನು ಗುರುತು ತಿಳಿಸದೆ ಸಾಮಾನ್ಯ ಮಾದರಿಗಳ ನಡುವೆ ಸೇರಿಸಿದರು. ಉತ್ತರ 61.0 ಬಂತು.

ಮೊದಲು ಮಾಡಿದ ಕೆಲಸ ಹಳೆಯ ದಾಖಲೆಗಳನ್ನು ತೆರೆದದ್ದು, ಮತ್ತು ಅದು ಒಳ್ಳೆಯ ನಿರ್ಧಾರವಾಗಿತ್ತು. ಪರ್ಮ್ಯಾಂಗನೇಟ್ ದ್ರಾವಣದ ಸಾಂದ್ರತೆಯನ್ನು ತಿಂಗಳಿಗೊಮ್ಮೆ ಸೋಡಿಯಂ ಆಕ್ಸಲೇಟ್ ಬಳಸಿ ನಿರ್ಧರಿಸುವ ರೂಢಿ ಅಲ್ಲಿತ್ತು. ಆಂತರಿಕ ತಪಾಸಣೆಗೆಂದು ಇಟ್ಟುಕೊಂಡಿದ್ದ ಅದಿರಿನ ಫಲಿತಾಂಶಗಳನ್ನು ದಿನಾಂಕದ ಕ್ರಮದಲ್ಲಿ ಗೆರೆ ಎಳೆದು ನೋಡಿದಾಗ, ತಿಂಗಳ ಮೊದಲಿನಿಂದ ಕೊನೆಯವರೆಗೆ ಅಂಕಿ ನಿಧಾನವಾಗಿ ಏರುತ್ತ ಹೋಗಿ, ಹೊಸ ಪ್ರಮಾಣೀಕರಣದ ದಿನ ಥಟ್ಟನೆ ಇಳಿದು, ಮತ್ತೆ ಏರುವ ಗರಗಸದ ಹಲ್ಲಿನಂಥ ಆಕಾರ ಕಂಡಿತು. ಪ್ರತಿಯೊಂದು ಫಲಿತಾಂಶವೂ ಬಿಡಿಯಾಗಿ ನೋಡಿದರೆ ಒಪ್ಪಿತ ಮಿತಿಯೊಳಗೇ ಇದ್ದುದರಿಂದ ಅದುವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ. ಆದರೆ ಇನ್ನೊಂದು ಸಂಗತಿಯೂ ಅದೇ ಚಿತ್ರದಲ್ಲಿತ್ತು: ಹಲ್ಲುಗಳ ತಳ ಕೂಡ ಸರಿಯಾದ ಮೌಲ್ಯಕ್ಕಿಂತ ತುಸು ಮೇಲೆಯೇ ನಿಂತಿತ್ತು. ಆ ದಿನ ಎಲ್ಲರ ಕಣ್ಣು ಏರಿಳಿತದ ಮೇಲೆ ಬಿತ್ತು, ತಳದ ಮೇಲೆ ಬೀಳಲಿಲ್ಲ.

ಮೊದಲ ಪ್ರಯತ್ನ: ಸೀಸೆಯೊಳಗಿನ ಕಂದು

ತಿಂಗಳಿಡೀ ಏರುವ ಫಲಿತಾಂಶಕ್ಕೆ ಸರಳ ವಿವರಣೆಯಿದೆ. ಪರ್ಮ್ಯಾಂಗನೇಟ್ ದ್ರಾವಣ ದಿನೇದಿನೇ ದುರ್ಬಲವಾಗುತ್ತಿದ್ದರೆ, ಅಷ್ಟೇ ಕಬ್ಬಿಣಕ್ಕೆ ಹೆಚ್ಚು ಮಿಲಿಲೀಟರ್ ಬೇಕಾಗುತ್ತದೆ; ಲೆಕ್ಕದಲ್ಲಿ ಮಾತ್ರ ಹಳೆಯ ಸಾಂದ್ರತೆಯೇ ಉಳಿದಿರುವುದರಿಂದ ಕಬ್ಬಿಣ ಹೆಚ್ಚಿದಂತೆ ತೋರುತ್ತದೆ.

ಪರ್ಮ್ಯಾಂಗನೇಟ್ ನೀರಿನಲ್ಲಿ ನಿಜವಾಗಿ ಸ್ಥಿರವಲ್ಲ. ಅದರ ಉತ್ಕರ್ಷಣ ವಿಭವ ನೀರನ್ನೇ ಆಮ್ಲಜನಕವಾಗಿಸಲು ಬೇಕಾದುದಕ್ಕಿಂತ ಹೆಚ್ಚು. ನಾಲ್ಕು ಪರ್ಮ್ಯಾಂಗನೇಟ್ ಅಯಾನುಗಳು ಎರಡು ನೀರಿನ ಅಣುಗಳೊಡನೆ ವರ್ತಿಸಿ, ನಾಲ್ಕು ಮ್ಯಾಂಗನೀಸ್ ಡೈಆಕ್ಸೈಡ್, ಮೂರು ಆಮ್ಲಜನಕದ ಅಣು ಹಾಗೂ ನಾಲ್ಕು ಹೈಡ್ರಾಕ್ಸೈಡ್ ಅಯಾನುಗಳನ್ನು ಕೊಡುವ ಕ್ರಿಯೆ ಉಷ್ಣಗತಿಶಾಸ್ತ್ರದ ಪ್ರಕಾರ ನಡೆಯಲೇಬೇಕಾದದ್ದು. ಶುದ್ಧ ದ್ರಾವಣದಲ್ಲಿ ಅದು ಬಹಳ ನಿಧಾನವಾಗಿರುವುದರಿಂದಲೇ ನಾವು ಪರ್ಮ್ಯಾಂಗನೇಟನ್ನು ಸೀಸೆಯಲ್ಲಿಟ್ಟು ಬಳಸಬಲ್ಲೆವು. ಬೆಳಕು, ಶಾಖ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮ್ಯಾಂಗನೀಸ್ ಡೈಆಕ್ಸೈಡ್ ಈ ನಿಧಾನವನ್ನು ಕೆಡಿಸುತ್ತವೆ. ಕ್ರಿಯೆಯಿಂದ ಹುಟ್ಟಿದ ವಸ್ತುವೇ ಆ ಕ್ರಿಯೆಗೆ ವೇಗವರ್ಧಕ: ಒಮ್ಮೆ ಕಂದು ಕಣ ಕಾಣಿಸಿಕೊಂಡರೆ ಮುಂದಿನ ಕಣಗಳಿಗೆ ದಾರಿ ಸುಗಮವಾಗುತ್ತದೆ.

ಈ ಪ್ರಯೋಗಾಲಯದಲ್ಲಿ ದಾರಿ ಸುಗಮವಾಗಲು ಬೇಕಾದದ್ದೆಲ್ಲ ಇತ್ತು. ಹೊಸ ದ್ರಾವಣವನ್ನು ಶೋಧಕ ಕಾಗದದಲ್ಲಿ ಸೋಸುತ್ತಿದ್ದರು. ಕಾಗದದ ಸೆಲ್ಯುಲೋಸ್ ಪರ್ಮ್ಯಾಂಗನೇಟಿಗೆ ಆಹಾರವಾಗಿ, ತೆಗೆಯಬೇಕಾದ ಡೈಆಕ್ಸೈಡನ್ನು ಸೋಸುವ ಕ್ರಿಯೆಯೇ ಉಂಟುಮಾಡುತ್ತದೆ. ಸೀಸೆ ಖಾಲಿಯಾಗುವ ಮುನ್ನವೇ ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಿದ್ದರು. ಸೀಸೆಯ ಒಳಗೋಡೆಗೆ ಅಂಟಿದ್ದ ಕಂದು ಪದರವನ್ನು ಬರಿಯ ನೀರಿನಲ್ಲಿ ತೊಳೆಯುತ್ತಿದ್ದರು. ಆ ಪದರ ನೀರಿಗಾಗಲಿ ಸಾಬೂನಿಗಾಗಲಿ ಜಗ್ಗುವಂಥದ್ದಲ್ಲ.

ಸರಿಪಡಿಸಿದ ಕ್ರಮ ಹೀಗಿತ್ತು. ಲೀಟರಿಗೆ ಸುಮಾರು 3.2 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಮೆಲ್ಲಗೆ ಕುದಿಸಿ, ನೀರಿನಲ್ಲಿರುವ ಸಾವಯವ ಕಲ್ಮಶಗಳೆಲ್ಲ ಆಗಲೇ ಉತ್ಕರ್ಷಣಗೊಂಡು ಮುಗಿಯುವಂತೆ ಮಾಡುವುದು. ರಾತ್ರಿಯಿಡೀ ಬಿಟ್ಟು, ಸಿಂಟರ್ಡ್ ಗಾಜಿನ ಶೋಧಕದಲ್ಲಿ ಸೋಸುವುದು. ಆಮ್ಲ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡಿನಿಂದ ಕಂದು ಪೂರ್ತಿ ಹೋಗುವವರೆಗೆ ತೊಳೆದು ಜಾಲಿಸಿದ ಬಣ್ಣದ ಗಾಜಿನ ಸೀಸೆಯಲ್ಲಿ ತುಂಬಿಸುವುದು. ಇಲ್ಲಿ ಪೆರಾಕ್ಸೈಡ್ +4 ಸ್ಥಿತಿಯ ಮ್ಯಾಂಗನೀಸನ್ನು ಕರಗಬಲ್ಲ +2 ಸ್ಥಿತಿಗೆ ಇಳಿಸುತ್ತದೆ. ಪ್ರಮಾಣೀಕರಣವನ್ನು ವಾರಕ್ಕೊಮ್ಮೆ ಮಾಡುವುದೆಂದೂ, ತಳದಲ್ಲಿ ಕಂದು ಕಂಡ ಸೀಸೆಯನ್ನು ಮತ್ತೆ ಸೋಸಿ ಮತ್ತೆ ಪ್ರಮಾಣೀಕರಿಸದೆ ಬಳಸಕೂಡದೆಂದೂ ತೀರ್ಮಾನವಾಯಿತು.

ಗರಗಸದ ಹಲ್ಲು ಮಾಯವಾಯಿತು. ಪ್ರಮಾಣಿತ ಅದಿರಿನ ಉತ್ತರ 61.0ರಿಂದ 60.5ಕ್ಕೆ ಇಳಿಯಿತು.

ಇಲ್ಲೇ ಪ್ರಕರಣದ ಅಪಾಯಕಾರಿ ತಿರುವು ಇದೆ. ದೋಷ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಕಾರಣ ಸಿಕ್ಕಿತ್ತು, ಅದು ಪಠ್ಯಪುಸ್ತಕದ ಕಾರಣವೂ ಆಗಿತ್ತು. ಉಳಿದ 0.4 ಶೇಕಡಾವನ್ನು ತೂಕದ, ಬ್ಯುರೆಟ್ಟಿನ, ಕಣ್ಣಿನ ಸಣ್ಣಪುಟ್ಟ ವ್ಯತ್ಯಾಸಗಳ ಲೆಕ್ಕಕ್ಕೆ ಹಾಕಿ ಕಡತ ಮುಚ್ಚುವ ಪ್ರಸ್ತಾಪ ಬಂತು. ಹಿರಿಯ ವಿಶ್ಲೇಷಕಿಯೊಬ್ಬರು ಒಪ್ಪಲಿಲ್ಲ. ಸಣ್ಣಪುಟ್ಟ ವ್ಯತ್ಯಾಸಗಳಾದರೆ ಮೇಲೂ ಬರಬೇಕು, ಕೆಳಗೂ ಬರಬೇಕು. ಇವು ಯಾವಾಗಲೂ ಮೇಲೆಯೇ ಬರುತ್ತಿವೆಯಲ್ಲ ಎಂಬುದು ಅವರ ಪ್ರಶ್ನೆಯಾಗಿತ್ತು.

ಪ್ರಮಾಣೀಕರಣದ ಮೇಲೆ ಸಂದೇಹ

ಪರ್ಮ್ಯಾಂಗನೇಟಿನ ಸಾಂದ್ರತೆಯನ್ನೇ ತಪ್ಪಾಗಿ ನಿರ್ಧರಿಸಿದ್ದರೆ ಎಲ್ಲ ಫಲಿತಾಂಶಗಳೂ ಒಂದೇ ದಿಕ್ಕಿಗೆ ವಾಲುತ್ತವೆ. ಹಾಗಾಗಿ ಆಕ್ಸಲೇಟ್ ಹಂತವನ್ನು ಪರಿಶೀಲಿಸಿದರು. ಬಿಸಿ ಸಲ್ಫ್ಯೂರಿಕ್ ಆಮ್ಲದಲ್ಲಿ ಎರಡು ಪರ್ಮ್ಯಾಂಗನೇಟ್ ಅಯಾನುಗಳು ಐದು ಆಕ್ಸಲೇಟ್ ಅಯಾನುಗಳನ್ನು ಕಾರ್ಬನ್ ಡೈಆಕ್ಸೈಡಾಗಿಸುವ ಈ ಕ್ರಿಯೆಯಲ್ಲಿ ಮೊದಲ ಹನಿಗಳ ಬಣ್ಣ ತಡವಾಗಿ ಮಾಸುತ್ತದೆ, ಆಮೇಲೆ ಹನಿ ಬಿದ್ದೊಡನೆ ಮಾಸುತ್ತದೆ. ಉಂಟಾದ +2 ಮ್ಯಾಂಗನೀಸ್ ಇಲ್ಲಿ ವೇಗವರ್ಧಕ. ದ್ರಾವಣ ವಿಪರೀತ ಬಿಸಿಯಾದರೆ ಆಕ್ಸಾಲಿಕ್ ಆಮ್ಲ ತಾನೇ ವಿಘಟನೆಗೊಂಡು ಕಡಿಮೆ ಪರ್ಮ್ಯಾಂಗನೇಟ್ ಸಾಕಾಗುತ್ತದೆ. ಆಗ ದ್ರಾವಣ ಇರುವುದಕ್ಕಿಂತ ಪ್ರಬಲವೆಂದು ತೋರಿ, ಮುಂದೆ ಕಬ್ಬಿಣದ ಲೆಕ್ಕವೂ ಹೆಚ್ಚಾಗುತ್ತದೆ. ಫೌಲರ್ ಮತ್ತು ಬ್ರೈಟ್ 1935ರಲ್ಲಿ ಸೂಚಿಸಿದ ಕ್ರಮದಂತೆ, ಬೇಕಾದ ಪರ್ಮ್ಯಾಂಗನೇಟಿನ ಬಹುಪಾಲನ್ನು ಕೋಣೆಯ ಉಷ್ಣತೆಯಲ್ಲೇ ಸೇರಿಸಿ, ಬಣ್ಣ ಹೋದ ಮೇಲೆ 55ರಿಂದ 60 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಮುಗಿಸಿ ನೋಡಿದರು. ಹಳೆಯ ಅಂಕಿಗೂ ಹೊಸದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಪ್ರಮಾಣೀಕರಣ ಸರಿಯಿತ್ತು.

ಅಷ್ಟಕ್ಕೇ ನಿಂತಿದ್ದರೆ ‘ದ್ರಾವಣ ಸರಿಯಿದೆ, ಆದ್ದರಿಂದ ಅನುಮಾಪನವೂ ಸರಿಯಿದೆ’ ಎಂಬ ತೀರ್ಮಾನಕ್ಕೆ ಬರಬಹುದಿತ್ತು, ಮತ್ತು ಕೆಲವರು ಬಂದೂ ಇದ್ದರು. ಈ ತರ್ಕದ ಬಿರುಕು ಎಲ್ಲಿದೆಯೆಂದರೆ, ಪ್ರಮಾಣೀಕರಣ ನಡೆದದ್ದು ಸಲ್ಫ್ಯೂರಿಕ್ ಆಮ್ಲದಲ್ಲಿ, ಮಾದರಿಯ ಅನುಮಾಪನ ನಡೆದದ್ದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ. ಮೊದಲನೆಯದರಲ್ಲಿ ಇಲ್ಲದ ಒಂದು ಅಯಾನು ಎರಡನೆಯದರಲ್ಲಿ ಹೇರಳವಾಗಿತ್ತು.

ನಿರ್ಣಾಯಕ ಪ್ರಯೋಗ

ಸುಳಿವು ಸಿಕ್ಕಿದ್ದು ಅದಿರಿನಿಂದಲ್ಲ, ಮನುಷ್ಯರಿಂದ. ಒಂದೇ ದ್ರಾವಣ, ಒಂದೇ ಅದಿರು ಇಟ್ಟುಕೊಂಡು ಕೆಲಸ ಮಾಡಿದರೂ ಕಿರಿಯ ವಿಶ್ಲೇಷಕನ ಫಲಿತಾಂಶ ಹಿರಿಯ ವಿಶ್ಲೇಷಕಿಯದಕ್ಕಿಂತ ಬಹುತೇಕ ಯಾವಾಗಲೂ ಮೇಲಿರುತ್ತಿತ್ತು. ಆತ ಬ್ಯುರೆಟ್ಟಿನ ತಿರುಪನ್ನು ಸಾಕಷ್ಟು ತೆರೆದು ಧಾರೆಯಾಗಿ ಬಿಟ್ಟು ಕೊನೆಗೆ ಮಾತ್ರ ಹನಿಗೆ ಇಳಿಯುತ್ತಿದ್ದ. ಅವರು ಮೊದಲಿನಿಂದಲೂ ಹನಿಹನಿಯಾಗಿ, ಫ್ಲಾಸ್ಕನ್ನು ತಿರುಗಿಸುತ್ತ ಸೇರಿಸುತ್ತಿದ್ದರು. ಪರಿಮಾಣಾತ್ಮಕವಾಗಿ ಪೂರ್ಣಗೊಳ್ಳುವ ಏಕೈಕ ಕ್ರಿಯೆ ಮಾತ್ರ ನಡೆಯುತ್ತಿದ್ದರೆ ವೇಗದಿಂದ ಉತ್ತರ ಬದಲಾಗಬಾರದು. ಬದಲಾಗುತ್ತಿದೆಯೆಂದರೆ ಪರ್ಮ್ಯಾಂಗನೇಟಿಗೆ ಇನ್ನೊಂದು ದಾರಿ ತೆರೆದಿದೆ.

ಆ ದಾರಿಯನ್ನು ಬೇರ್ಪಡಿಸಿ ನೋಡಲು ಅದಿರನ್ನು ಪೂರ್ತಿ ಬದಿಗಿಟ್ಟರು. ಶುದ್ಧ ಫೆರಸ್ ಅಮೋನಿಯಂ ಸಲ್ಫೇಟಿನ ಸಮ ತೂಕಗಳನ್ನು, ತಲಾ ಸುಮಾರು 0.85 ಗ್ರಾಂ, ತೆಗೆದುಕೊಂಡು ಅರ್ಧವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ, ಅರ್ಧವನ್ನು ಮಾದರಿಗಳಲ್ಲಿರುವಷ್ಟೇ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಅನುಮಾಪನ ಮಾಡಿದರು. ಸಲ್ಫ್ಯೂರಿಕ್ ಆಮ್ಲದಲ್ಲಿ 21.7 ಮಿಲಿಲೀಟರ್, ಲೆಕ್ಕದ ಪ್ರಕಾರ ಬರಬೇಕಾದಷ್ಟೇ, ಬಂತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 21.85ರ ಆಸುಪಾಸು, ಬೇಗ ಬಿಟ್ಟರೆ ಇನ್ನೂ ಹೆಚ್ಚು. ಪೊಟ್ಯಾಸಿಯಂ ಅಯೊಡೈಡ್ ಮತ್ತು ಪಿಷ್ಟದಲ್ಲಿ ನೆನೆಸಿದ ಒದ್ದೆ ಕಾಗದವನ್ನು ಈ ಎರಡನೆಯ ಫ್ಲಾಸ್ಕಿನ ಬಾಯಿಗೆ ಹಿಡಿದಾಗ ಅದು ನೀಲಿಯಾಯಿತು: ಕ್ಲೋರಿನ್ ಹೊರಬರುತ್ತಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಆಮ್ಲೀಯ ಪರ್ಮ್ಯಾಂಗನೇಟಿನ ಪ್ರಮಾಣಿತ ವಿಭವ 1.51 ವೋಲ್ಟ್, ಕ್ಲೋರಿನ್–ಕ್ಲೋರೈಡ್ ಜೋಡಿಯದು 1.36 ವೋಲ್ಟ್, ಹೀಗಾಗಿ ಪರ್ಮ್ಯಾಂಗನೇಟ್ ಕ್ಲೋರೈಡನ್ನು ಉತ್ಕರ್ಷಿಸುವುದು ಸಾಧ್ಯ. ಆದರೂ ತಣ್ಣನೆಯ, ದುರ್ಬಲ ಆಮ್ಲದಲ್ಲಿ ಕ್ಲೋರೈಡ್ ಒಂದೇ ಇದ್ದರೆ ಆ ಕ್ರಿಯೆ ಎಷ್ಟು ನಿಧಾನವೆಂದರೆ ಅನುಮಾಪನದ ಅವಧಿಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಕಬ್ಬಿಣವಿಲ್ಲದ ಆಮ್ಲದಲ್ಲಿ ಬ್ಲ್ಯಾಂಕ್ ಪರೀಕ್ಷೆ ಮಾಡಿದಾಗ ಒಂದೇ ಹನಿಗೆ ಗುಲಾಬಿ ನಿಂತದ್ದು ಇದರಿಂದಲೇ, ಮತ್ತು ಆ ಬ್ಲ್ಯಾಂಕ್ ಇಷ್ಟು ಕಾಲ ಎಲ್ಲರಿಗೂ ಸುಳ್ಳು ಧೈರ್ಯ ಕೊಟ್ಟದ್ದೂ ಇದರಿಂದಲೇ. ಫೆರಸ್ ಅಯಾನು ಜೊತೆಗಿದ್ದಾಗ ಪರಿಸ್ಥಿತಿ ಬೇರೆ. +7ರಿಂದ +2ಕ್ಕೆ ಇಳಿಯುವ ಮ್ಯಾಂಗನೀಸ್ ಒಂದೇ ನೆಗೆತಕ್ಕೆ ಇಳಿಯುವುದಿಲ್ಲ. ನಡುವಿನ ಸ್ಥಿತಿಗಳ ಮೂಲಕ, ಅದರಲ್ಲೂ ಬಹು ಚುರುಕಾದ +3 ಸ್ಥಿತಿಯ ಮೂಲಕ ಹಾದುಹೋಗುತ್ತದೆ. ಕ್ಲೋರೈಡನ್ನು ಹಿಡಿಯುವುದು ಈ ಮಧ್ಯಂತರಗಳು. ಫೆರಸ್ ಕಬ್ಬಿಣದ ಉತ್ಕರ್ಷಣೆಯೇ ಕ್ಲೋರೈಡಿನ ಉತ್ಕರ್ಷಣೆಯನ್ನು ಪ್ರೇರಿಸುತ್ತದೆ, ಹಾಗಾಗಿ ಇದನ್ನು ಪ್ರೇರಿತ ಕ್ರಿಯೆ ಎನ್ನುತ್ತಾರೆ. ಹುಟ್ಟಿದ ಕ್ಲೋರಿನ್ ದ್ರಾವಣದಲ್ಲೇ ಉಳಿದು ಫೆರಸ್ ಅಯಾನನ್ನು ಉತ್ಕರ್ಷಿಸಿದರೆ ನಷ್ಟವಿಲ್ಲ, ಲೆಕ್ಕ ಸರಿಹೋಗುತ್ತದೆ. ಗಾಳಿಗೆ ತಪ್ಪಿಸಿಕೊಂಡಷ್ಟು ಮಾತ್ರ ದೋಷವಾಗುತ್ತದೆ. ಧಾರೆಯಾಗಿ ಬಿಟ್ಟಾಗ ಒಂದೆಡೆ ಪರ್ಮ್ಯಾಂಗನೇಟ್ ದಟ್ಟವಾಗಿ ಸೇರಿ ಕ್ಲೋರಿನ್ ಹೆಚ್ಚು ತಪ್ಪಿಸಿಕೊಳ್ಳುತ್ತದೆ. ಇಬ್ಬರು ವಿಶ್ಲೇಷಕರ ನಡುವಿನ ಅಂತರಕ್ಕೆ ಅರ್ಥ ಸಿಕ್ಕಿತು.

ಪರಿಹಾರಗಳ ನಡುವೆ ಆಯ್ಕೆ

ಕ್ಲೋರೈಡನ್ನೇ ತೆಗೆದುಹಾಕುವುದು ಮೊದಲ ಯೋಚನೆ. ಕರಗಿಸಿದ ಅದಿರಿಗೆ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ದಟ್ಟ ಬಿಳಿ ಹೊಗೆ ಬರುವವರೆಗೆ ಆವಿಮಾಡಿ, ಮತ್ತೆ ನೀರಿನಲ್ಲಿ ಕರಗಿಸಿ, ಸತು–ಪಾದರಸ ಮಿಶ್ರಲೋಹದ ಕಂಬದ ಮೂಲಕ ಹಾಯಿಸಿ ಕಬ್ಬಿಣವನ್ನು ಫೆರಸ್ ಸ್ಥಿತಿಗೆ ಇಳಿಸಬಹುದು. ಕೆಲವು ಮಾದರಿಗಳಿಗೆ ಹೀಗೆ ಮಾಡಿದಾಗ ಪ್ರಮಾಣಿತ ಅದಿರು 60.1 ಕೊಟ್ಟಿತು, ರೋಗನಿರ್ಣಯ ಖಚಿತವಾಯಿತು. ಆದರೆ ಒಣಗಿದ ಫೆರಿಕ್ ಸಲ್ಫೇಟ್ ಮತ್ತೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಅದಿರಿನಲ್ಲಿ ಟೈಟಾನಿಯಂ, ವೆನೇಡಿಯಂ ಇದ್ದರೆ ಆ ಕಂಬದಲ್ಲಿ ಅವೂ ಅಪಕರ್ಷಣಗೊಂಡು ಪರ್ಮ್ಯಾಂಗನೇಟನ್ನು ತಿನ್ನುತ್ತವೆ. ದಿನನಿತ್ಯದ ಕೆಲಸಕ್ಕೆ ಇದು ಒಗ್ಗಲಿಲ್ಲ.

ಎರಡನೆಯದು ಪರ್ಮ್ಯಾಂಗನೇಟನ್ನು ಬಿಟ್ಟು ಪೊಟ್ಯಾಸಿಯಂ ಡೈಕ್ರೋಮೇಟಿಗೆ ಹೋಗುವುದು. ಅದು ತೂಗಿ ಕರಗಿಸಿದರೆ ಪ್ರಮಾಣೀಕರಣವೇ ಬೇಡದಷ್ಟು ಶುದ್ಧವಾಗಿ ಸಿಗುತ್ತದೆ, ಕೆಡುವುದಿಲ್ಲ, ಈ ಪರಿಸ್ಥಿತಿಯಲ್ಲಿ ಕ್ಲೋರೈಡಿನ ತಂಟೆಗೂ ಹೋಗುವುದಿಲ್ಲ. ನನ್ನನ್ನು ಕೇಳಿದ್ದರೆ ಇದನ್ನೇ ಆರಿಸುತ್ತಿದ್ದೆ. ಪ್ರಯೋಗಾಲಯ ಆರಿಸಲಿಲ್ಲ: +6 ಸ್ಥಿತಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಅದರ ತ್ಯಾಜ್ಯವನ್ನು ನಿಭಾಯಿಸುವ ವ್ಯವಸ್ಥೆ ಅಲ್ಲಿರಲಿಲ್ಲ. ಅದು ನ್ಯಾಯವಾದ ಕಾರಣವೇ.

ಉಳಿದದ್ದು ಜಿಮ್ಮರ್‌ಮನ್–ರೈನ್‌ಹಾರ್ಟ್ ದ್ರಾವಣ. 1880ರ ದಶಕದಲ್ಲಿ ರೂಪುಗೊಂಡ ಈ ಮಿಶ್ರಣದಲ್ಲಿ ಮ್ಯಾಂಗನಸ್ (+2 ಸ್ಥಿತಿಯ ಮ್ಯಾಂಗನೀಸಿನ) ಸಲ್ಫೇಟ್, ಸಲ್ಫ್ಯೂರಿಕ್ ಆಮ್ಲ ಮತ್ತು ಫಾಸ್ಫಾರಿಕ್ ಆಮ್ಲ ಇರುತ್ತವೆ. ಅನುಮಾಪನಕ್ಕೆ ಮುನ್ನ ಫ್ಲಾಸ್ಕಿಗೆ 25 ಮಿಲಿಲೀಟರ್ ಸೇರಿಸಿದರಾಯಿತು. ಇದಕ್ಕೆ ಬಂದ ವಿರೋಧ ಈ ಪ್ರಕರಣದ ಅತ್ಯಂತ ಸ್ವಾರಸ್ಯಕರ ಭಾಗ. ಮ್ಯಾಂಗನಸ್ ಅಯಾನಿಗೂ ಪರ್ಮ್ಯಾಂಗನೇಟಿಗೂ ಪರಸ್ಪರ ಕ್ರಿಯೆ ನಡೆಯುತ್ತದೆ: ಎರಡು ಪರ್ಮ್ಯಾಂಗನೇಟ್ ಅಯಾನು, ಮೂರು ಮ್ಯಾಂಗನಸ್ ಅಯಾನು ಕೂಡಿ ಐದು ಮ್ಯಾಂಗನೀಸ್ ಡೈಆಕ್ಸೈಡ್ ಕೊಡುತ್ತವೆ. ತಟಸ್ಥ ದ್ರಾವಣದಲ್ಲಿ ಮ್ಯಾಂಗನೀಸನ್ನು ಅಳೆಯುವ ಒಂದು ವಿಧಾನ ನಿಂತಿರುವುದೇ ಈ ಕ್ರಿಯೆಯ ಮೇಲೆ. ಹೀಗಿರುವಾಗ, ಪರ್ಮ್ಯಾಂಗನೇಟ್ ವ್ಯರ್ಥವಾಗುವುದನ್ನು ತಡೆಯಲು ಪರ್ಮ್ಯಾಂಗನೇಟನ್ನು ತಿನ್ನುವ ಪದಾರ್ಥವನ್ನೇ ಸುರಿಯುವುದೇ ಎಂದು ಕಿರಿಯ ವಿಶ್ಲೇಷಕ ಕೇಳಿದ. ಸೀಸೆಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಮಾಡಿದ ಹಾವಳಿಯನ್ನು ಆಗಷ್ಟೇ ಕಂಡಿದ್ದವನಿಗೆ ಈ ಅಂಜಿಕೆ ಅಸಹಜವೇನಲ್ಲ.

ಉತ್ತರ ಮಾಧ್ಯಮದಲ್ಲಿದೆ. ಆಮ್ಲ ಪ್ರಬಲವಾಗಿದ್ದು ಫೆರಸ್ ಅಯಾನು ಉಳಿದಿರುವಷ್ಟು ಹೊತ್ತೂ ಡೈಆಕ್ಸೈಡ್ ನಿಲ್ಲಲು ಅವಕಾಶವಿಲ್ಲ. ಹೇರಳವಾಗಿ ಬೆರೆತಿರುವ ಮ್ಯಾಂಗನಸ್ ಅಯಾನು ಮೇಲಿನ ಸ್ಥಿತಿಯ ಮಧ್ಯಂತರಗಳನ್ನು ಬೇಗನೆ +3 ಸ್ಥಿತಿಗೆ ತರುತ್ತದೆ. ಫಾಸ್ಫೇಟ್ ಆ +3 ಮ್ಯಾಂಗನೀಸನ್ನು ಸಂಕೀರ್ಣವಾಗಿ ಕಟ್ಟಿಹಾಕಿ, ಅದರ ವಿಭವವನ್ನು ತಗ್ಗಿಸುತ್ತದೆ. ಹೀಗೆ ಪಳಗಿದ ಮ್ಯಾಂಗನೀಸಿಗೆ ಕ್ಲೋರೈಡನ್ನು ಉತ್ಕರ್ಷಿಸುವ ಬಲ ಸಾಲದು, ಫೆರಸ್ ಕಬ್ಬಿಣವನ್ನು ಉತ್ಕರ್ಷಿಸುವ ಬಲ ಧಾರಾಳವಾಗಿ ಉಳಿದಿರುತ್ತದೆ. ಫಾಸ್ಫೇಟ್ ಫೆರಿಕ್ ಕಬ್ಬಿಣವನ್ನೂ ಬಣ್ಣವಿಲ್ಲದ ಸಂಕೀರ್ಣವಾಗಿಸುವುದರಿಂದ, ಹಳದಿಯ ಮೇಲೆ ಗುಲಾಬಿಯನ್ನು ಹುಡುಕುವ ಕಷ್ಟವೂ ತಪ್ಪುತ್ತದೆ. ಅಂತ್ಯಬಿಂದುವಿನ ನಂತರ ಗುಲಾಬಿ ಬಣ್ಣ ಮೆಲ್ಲಗೆ ಮಾಸುವುದು ನಿಜ. ಉಳಿದ ಕ್ಲೋರೈಡ್ ಮತ್ತು ಮರ್ಕ್ಯುರಸ್ ಕ್ಲೋರೈಡಿನ ಪ್ರಕ್ಷೇಪ ಎರಡೂ ಅದಕ್ಕೆ ಕಾರಣ. ಆದ್ದರಿಂದ ಸುಮಾರು 15 ಸೆಕೆಂಡು ನಿಂತ ಬಣ್ಣವನ್ನು ಅಂತ್ಯವೆಂದು ಒಪ್ಪುವುದು, ಆಮೇಲೆ ಮಾಸಿದರೆ ಇನ್ನೊಂದು ಹನಿ ಹಾಕದಿರುವುದು ಎಂಬ ನಿಯಮ ಮಾಡಿಕೊಂಡರು.

ವಾದದಿಂದ ಒಪ್ಪಿಸುವ ಬದಲು ಅದೇ ಫೆರಸ್ ಅಮೋನಿಯಂ ಸಲ್ಫೇಟನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಈ ಮಿಶ್ರಣ ಸೇರಿಸಿ, ಕಿರಿಯ ವಿಶ್ಲೇಷಕನ ಕೈಯಿಂದಲೇ ಅನುಮಾಪನ ಮಾಡಿಸಿದರು. 21.7 ಬಂತು. ಅಯೊಡೈಡ್ ಕಾಗದ ನೀಲಿಯಾಗಲಿಲ್ಲ.

ಫಲಿತಾಂಶ ಮತ್ತು ಉಳಿದ ಪ್ರಶ್ನೆ

ಪ್ರಮಾಣಿತ ಅದಿರಿನ ಉತ್ತರ 60.1ರಲ್ಲಿ ನೆಲೆನಿಂತಿತು, ಇಬ್ಬರು ವಿಶ್ಲೇಷಕರ ಅಂತರ ಬ್ಯುರೆಟ್ಟಿನ ಓದಿನ ಮಿತಿಯೊಳಗೆ ಬಂತು. ಗ್ರಾಹಕರ ಮಾದರಿಗಳಲ್ಲಿ ಉಳಿದಿದ್ದ ಭಾಗಗಳನ್ನು ಮತ್ತೆ ಪರೀಕ್ಷಿಸಿ ತಿದ್ದುಪಡಿ ವರದಿ ಕಳಿಸಿದರು.

ಈ ಪ್ರಕರಣ ಕಷ್ಟವಾದದ್ದು ಎರಡು ದೋಷಗಳೂ ಒಂದೇ ದಿಕ್ಕಿಗೆ ಎಳೆಯುತ್ತಿದ್ದುದರಿಂದ. ದುರ್ಬಲ ದ್ರಾವಣವಾಗಲಿ ತಪ್ಪಿಸಿಕೊಂಡ ಕ್ಲೋರಿನ್ ಆಗಲಿ, ಬ್ಯುರೆಟ್ಟಿನಲ್ಲಿ ಕಾಣುವುದು ಹೆಚ್ಚುವರಿ ಹನಿಗಳಾಗಿಯೇ. ಅವನ್ನು ಬೇರ್ಪಡಿಸಿದ್ದು ಅವುಗಳ ಗಾತ್ರವಲ್ಲ, ಅವು ಯಾವುದರ ಜೊತೆ ಬದಲಾಗುತ್ತವೆ ಎಂಬ ಪ್ರಶ್ನೆ: ಒಂದು ಸೀಸೆಯ ವಯಸ್ಸಿನ ಜೊತೆ ಬದಲಾಗುತ್ತಿತ್ತು, ಇನ್ನೊಂದು ಕೈಯ ವೇಗದ ಜೊತೆ. ಇಂಥ ಪರಿಸ್ಥಿತಿ ಎದುರಾದವರು ದಾಖಲೆಗಳನ್ನು ದಿನಾಂಕದ ಪ್ರಕಾರ ಒಮ್ಮೆ, ಕೆಲಸ ಮಾಡಿದವರ ಪ್ರಕಾರ ಇನ್ನೊಮ್ಮೆ ಜೋಡಿಸಿ ನೋಡುವುದು ಒಳಿತು. ಪ್ರಮಾಣೀಕರಣದ ಮೇಲೆ ಇಡುವ ನಂಬಿಕೆಗೂ ಒಂದು ಗಡಿಯಿದೆ. ಮಾದರಿಯಲ್ಲಿರುವ ಅಯಾನುಗಳು ಅಲ್ಲಿ ಇಲ್ಲದಿದ್ದರೆ, ಅದು ದ್ರಾವಣದ ಬಗ್ಗೆ ಸಾಕ್ಷಿ ಹೇಳೀತೇ ಹೊರತು ಅನುಮಾಪನದ ಬಗ್ಗೆ ಅಲ್ಲ. ಬ್ಲ್ಯಾಂಕ್ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ: ಪ್ರೇರಿತ ಕ್ರಿಯೆಯನ್ನು ಪ್ರೇರಕವಿಲ್ಲದೆ ಹುಡುಕಿದರೆ ಸಿಗುವುದಿಲ್ಲ. ಆ ಪ್ರಯೋಗಾಲಯದಲ್ಲಿ ಈಗ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ಪ್ರಮಾಣಿತ ಅದಿರೊಂದು ಪ್ರತಿ ತಂಡದ ಮಾದರಿಗಳ ಜೊತೆಗೂ ಸಾಗುತ್ತದೆ.

ಬಗೆಹರಿಯದೆ ಉಳಿದಿರುವುದು ಪಾದರಸ. ಮರ್ಕ್ಯುರಿಕ್ ಕ್ಲೋರೈಡಿನ ಹಂತ ಪ್ರತಿ ಫ್ಲಾಸ್ಕನ್ನೂ ವಿಷಯುಕ್ತ ತ್ಯಾಜ್ಯವಾಗಿಸುತ್ತದೆ. ಕ್ರೋಮಿಯಂ ಬೇಡವೆಂದವರು ಪಾದರಸವನ್ನು ಇಟ್ಟುಕೊಂಡಿರುವುದು ಹೇಗೆ ನೋಡಿದರೂ ಅರೆಮನಸ್ಸಿನ ಏರ್ಪಾಡು. ಸ್ಟ್ಯಾನಸ್ ಕ್ಲೋರೈಡಿನ ಬದಲು ಬೆಳ್ಳಿಯ ಕಣಗಳ ಕಂಬದಲ್ಲಿ ಕಬ್ಬಿಣವನ್ನು ಅಪಕರ್ಷಿಸುವ ಕ್ರಮವನ್ನು ಅಲ್ಲಿ ಪ್ರಯತ್ನಿಸಿ ನೋಡುತ್ತಿದ್ದಾರೆ. ಅದರಲ್ಲಿ ಪಾದರಸ ಬೇಕಿಲ್ಲ, ಟೈಟಾನಿಯಂ ಅಪಕರ್ಷಣಗೊಳ್ಳುವುದಿಲ್ಲ. ಆದರೆ ಆ ಕಂಬ ಕೆಲಸ ಮಾಡುವುದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿಯೇ. ಕ್ಲೋರೈಡ್ ಇದ್ದೇ ಇರುವುದರಿಂದ ಮ್ಯಾಂಗನಸ್ ಸಲ್ಫೇಟಿನ ಮಿಶ್ರಣವನ್ನು ಅಲ್ಲಿಯೂ ಸೇರಿಸಲೇಬೇಕು.